ಎದುರಿಗೆ ನಿಂತವರ ಮಾತು

"ಮಾಸ್ತರ, ಎದುರಿಗೆ ನಿಂತವರಿಗೆ ಮಾತು ಬರಲಿಲ್ಲಂದ್ರ ನಟ ಆದವ ಏನು ಮಾಡಬೇಕ್ರಿ?"

ಕೇಳಿದವನು ಮಾನಪ್ಪ. ಇಪ್ಪತ್ತೆರಡು ವರ್ಷ ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚಿದವನು. ಅಭಿನಯ ಶಿಬಿರ ಶುರುವಾಗಿ ಎಂಟು ದಿನಗಳಾಗಿದ್ದವು. ಆಷಾಢದಲ್ಲಿ ಮದುವೆಗಳಿಲ್ಲದ್ದರಿಂದ ಊರಿನ ಕಲ್ಯಾಣ ಮಂಟಪ ಖಾಲಿ ಇತ್ತು, ಶಿಬಿರಕ್ಕೆ ಅದೇ ಸಿಕ್ಕಿತ್ತು. ಬಂದವರಲ್ಲಿ ಅರ್ಧ ಜನ ಹೊಸಬರು, ಅರ್ಧ ಜನ ಪಳಗಿದವರು. ಶಿಬಿರ ನಡೆಸುತ್ತಿದ್ದ ಮಾಸ್ತರರು ಒಬ್ಬೊಬ್ಬ ಹೊಸಬರಿಗೆ ಒಬ್ಬೊಬ್ಬ ಪಳಗಿದವರನ್ನು ಜೋಡಿ ಮಾಡಿದ್ದರು. ಹತ್ತನೆಯ ದಿನ ಪ್ರತಿ ಜೋಡಿಯೂ ಊರವರ ಮುಂದೆ ಒಂದು ದೃಶ್ಯ ಆಡಬೇಕಿತ್ತು.

ಮಾನಪ್ಪನ ಪಾಲಿಗೆ ಬಂದವಳು ಇಂದುಮತಿ. ಹೊಲಿಗೆ ಕಲಿಸುವ ಹೆಂಗಸು. ಅಲ್ಲಿಯವರೆಗೆ ರಂಗದ ಮೇಲೆ ಕಾಲಿಟ್ಟವಳಲ್ಲ. ನಾಟಕದಲ್ಲಿ ಅವಳು ಅಕ್ಕ, ಇವನು ತಮ್ಮ. ಅಕ್ಕನ ಮಾತು ಉದ್ದವಾದದ್ದು. ಅದು ಮುಗಿದ ಮೇಲೆ ತಮ್ಮನ ಮಾತು. ಆದರೆ ಎಂಟು ದಿನಗಳಲ್ಲಿ ಒಂದು ಸಲವೂ ಅದು ಮುಗಿದಿರಲಿಲ್ಲ. ಅವಳು ಮಾತಾಡುತ್ತ ಮಾತಾಡುತ್ತ ನಿಂತುಬಿಡುತ್ತಿದ್ದಳು. ಮಾನಪ್ಪ ತನ್ನ ಮಾತನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕಾದು ಕಾದು ಸೋತಿದ್ದ.

ಅವನೇನು ಕೆಟ್ಟವನಲ್ಲ. ಮೊದಲ ದಿನ ಅವಳಿಗೆ ಧೈರ್ಯ ಹೇಳಿದ್ದ. ಎರಡನೆಯ ದಿನ ಚಹಾ ತಂದುಕೊಟ್ಟಿದ್ದ. ಐದನೆಯ ದಿನದ ಹೊತ್ತಿಗೆ ತಾಳ್ಮೆ ಬತ್ತಿತು. ಪಳಗಿದವರಿಗೂ ಒಂದು ಮರ್ಯಾದೆ ಎಂಬುದಿರುತ್ತದೆ. ಊರವರ ಮುಂದೆ ಬಾಯಿ ಮುಚ್ಚಿ ನಿಲ್ಲಬೇಕಾಗಿ ಬಂದರೆ ನಗುವವರು ಹೊಸಬಳನ್ನು ನೋಡಿ ನಗುವುದಿಲ್ಲ. ಅದಕ್ಕೇ ಇವತ್ತು ಮಧ್ಯಾಹ್ನ ಊಟವಾದದ್ದೇ ಮಾಸ್ತರರ ಬಳಿ ಬಂದು ಕುಳಿತಿದ್ದ.

"ನಡುವ ಎಲ್ಲೋ ನಿಂತುಬಿಡ್ತಾಳ್ರಿ" ಎಂದ. "ಆಕಿನ್ನ ಬದಲಿಸ್ರಿ. ನನಗ ಬ್ಯಾರೆ ಯಾರನ್ನರ ಕೊಡ್ರಿ."

ಬದಲಿಸಿದರೆ, ಎರಡೇ ದಿನ ಉಳಿದಿರುವಾಗ ಇಂದುಮತಿಯ ಜೋಡಿಯಾಗಲು ಬೇರೆ ಯಾರೂ ಒಪ್ಪುತ್ತಿರಲಿಲ್ಲ. ಹತ್ತನೆಯ ದಿನ ಅವಳು ಜಮಖಾನೆಯ ಮೇಲೆ ಕುಳಿತು ಉಳಿದವರ ನಾಟಕ ನೋಡಬೇಕಾಗುತ್ತಿತ್ತು. ತನ್ನ ಕೈಯಲ್ಲಿ ಹೊಲಿಗೆ ಕಲಿಯುವ ಹುಡುಗಿಯರನ್ನೆಲ್ಲ ಆ ದಿನಕ್ಕೆ ಬರಲು ಅವಳು ಕರೆದಿದ್ದಳು. ಅದು ಮಾನಪ್ಪನಿಗೂ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದ. ಕೇಳಿದ ಮೇಲೆ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಯಿತು.

ಮಾಸ್ತರರು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ ಬಾಯಿಗೆ ಹಾಕಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಕಂಪನಿಯಲ್ಲಿ ಒಬ್ಬ ನಟನಿದ್ದ. ಆ ಕಂಪನಿಯಲ್ಲಿ ಯಾರಿಗೂ ಪೂರ್ತಿ ನಾಟಕ ಕೊಡುತ್ತಿರಲಿಲ್ಲ. ಅವರವರ ಪಾರ್ಟು ಮಾತ್ರ ಬರೆದುಕೊಡುತ್ತಿದ್ದರು. ಎದುರಿನವರ ಮಾತಿನ ಜಾಗದಲ್ಲಿ ನಾಲ್ಕು ಚುಕ್ಕೆ, ಚುಕ್ಕೆಗಳ ಮುಂದೆ ಆ ಮಾತಿನ ಕೊನೆಯ ಎರಡು ಮೂರು ಪದ. ಆ ಪದಗಳು ಕಿವಿಗೆ ಬಿದ್ದರೆ ತನ್ನ ಮಾತು ಎತ್ತಿಕೊಳ್ಳಬೇಕು. ಅಷ್ಟೇ ಲೆಕ್ಕ.

ಈ ನಟ ನಡುವೆ ಬಂದು ಸೇರಿದವನು. ಮೊದಲಿನ ನಾಯಕ ಕಂಪನಿ ಬಿಟ್ಟುಹೋದಾಗ ಎರಡೇ ದಿನಗಳಲ್ಲಿ ಪಾರ್ಟು ಬಾಯಿಪಾಠ ಮಾಡಿ ರಂಗಕ್ಕೆ ಇಳಿದ. ಪಾತ್ರ ಒಬ್ಬ ಸೇನಾಪತಿಯದು. ದಂಡಿನಿಂದ ಮನೆಗೆ ಬರುತ್ತಾನೆ. ಹೆಂಡತಿ ಅವನಿಗೆ ಒಂದು ದೊಡ್ಡ ಮಾತು ಹೇಳುತ್ತಾಳೆ. ಅವನ ಕಾಗದದಲ್ಲಿ ಅದು ನಾಲ್ಕು ಚುಕ್ಕೆ, ಆಮೇಲೆ 'ಯಾರಿಗೆ ಹೇಳಲಿ, ನಾಥ' ಎಂದಿತ್ತು. ಅದನ್ನು ಕೇಳಿದೊಡನೆ ಇವನು ಎದೆಯ ಮೇಲೆ ಕೈಯಿಟ್ಟು, 'ಸಾಕು, ಮಡದಿ, ಸಾಕು. ನಿನ್ನ ಒಂದೊಂದು ಮಾತೂ ನನ್ನ ಎದೆಯನ್ನು ಸೀಳುತ್ತಿದೆ' ಎನ್ನಬೇಕು. ಪರದೆ ಬೀಳುತ್ತದೆ.

ಏಳು ವರ್ಷ ಹಾಗೆಯೇ ನಡೆಯಿತು. ಒಂದು ಸಲವೂ ಅವನು ತಪ್ಪಲಿಲ್ಲ. ಅವಳು ಮಾತಾಡುವಾಗ ಜನರ ಕಡೆ ಮುಖ ಮಾಡಿ ನಿಂತು ಉತ್ತರೀಯ ಸರಿಮಾಡಿಕೊಳ್ಳುತ್ತಿದ್ದ. ಅವಳ ಮಾತು ಮೀಸೆಯನ್ನು ನಾಲ್ಕು ಸಲ ತಿರುವುವಷ್ಟು ಉದ್ದ ಎಂಬುದು ಅವನಿಗೆ ಗೊತ್ತಿತ್ತು. ಎದೆ ಸೀಳುವ ಮಾತನ್ನು ಅವನು ಹೇಳಿದಾಗ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ತನ್ನ ಮಾತಿಗೇ ಜನ ಅಳುತ್ತಾರೆ ಎಂದುಕೊಂಡಿದ್ದ, ಪಾಪ.

ಹೆಂಡತಿಯ ಪಾತ್ರ ಮಾಡುವ ನಟಿಗೆ ನಾಲ್ಕು ವರ್ಷದ ಮಗನಿದ್ದ. ಜ್ವರ ಬಂದು ಮೂರೇ ದಿನಗಳಲ್ಲಿ ತೀರಿಹೋದ. ಕಂಪನಿಯವರೆಲ್ಲ ಅತ್ತರು. ಈ ನಟನೂ ಅತ್ತ. ಕುಣಿಗೆ ಹಿಡಿ ಮಣ್ಣು ಹಾಕಿದವರಲ್ಲಿ ಅವನೂ ಒಬ್ಬ. ಒಂದು ತಿಂಗಳು ಅವಳು ಬಣ್ಣ ಹಚ್ಚಲಿಲ್ಲ. ಆಮೇಲೆ ತಾನಾಗಿಯೇ ಮಾಲೀಕರ ಬಳಿ ಬಂದು, ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ, ಕೆಲಸ ಮಾಡುತ್ತೇನೆ ಎಂದಳು. ಅಂದು ಆಡಿದ್ದು ಅದೇ ನಾಟಕ.

ಸೇನಾಪತಿ ಮನೆಗೆ ಬಂದ. ಜನರ ಕಡೆ ತಿರುಗಿ ನಿಂತ. ಅವಳು 'ನಾಥ' ಎಂದು ಶುರುಮಾಡಿ ನಿಂತಳು. ಇವನು ಮೀಸೆ ತಿರುವಿದ. ಪಕ್ಕದ ಪರದೆಯ ಹಿಂದೆ ನಿಂತಿದ್ದವನು ಮುಂದಿನ ಮಾತನ್ನು ಪಿಸುಗುಟ್ಟಿದ. ಅವಳು ಬಾಯಿ ತೆರೆದಳು, ದನಿ ಬರಲಿಲ್ಲ. ನಟ ಕೊನೆಯ ಪದಕ್ಕಾಗಿ ಕಾದ, ಅದು ಬರಲಿಲ್ಲ. ಅದಕ್ಕೂ ಮೊದಲಿನ ಮಾತು ಏನೆಂದು ಗೊತ್ತಿದ್ದರೆ ತಾನೇ ಎತ್ತಿಕೊಡಬಹುದಿತ್ತು. ಅವನ ಬಳಿ ಇದ್ದದ್ದು ನಾಲ್ಕು ಚುಕ್ಕೆ. ಜನ ಗುಸುಗುಸು ಶುರುಮಾಡಿದರು. ಅವನು ಇನ್ನೊಮ್ಮೆ ಮೀಸೆ ತಿರುವಿದ. ಕೊನೆಗೆ ಎದೆಯ ಮೇಲೆ ಕೈಯಿಟ್ಟು, 'ಸಾಕು, ಮಡದಿ, ಸಾಕು. ನಿನ್ನ ಒಂದೊಂದು ಮಾತೂ ನನ್ನ ಎದೆಯನ್ನು ಸೀಳುತ್ತಿದೆ' ಎಂದುಬಿಟ್ಟ.

'ನಾಥ' ಎಂಬುದರ ಹೊರತು ಅವಳು ಒಂದು ಮಾತನ್ನೂ ಆಡಿರಲಿಲ್ಲ. ಜನ ಬಿದ್ದು ಬಿದ್ದು ನಕ್ಕರು. ಅಷ್ಟು ನಗೆ ಆ ಕಂಪನಿಯ ಹಾಸ್ಯಪಾತ್ರದವನಿಗೂ ಎಂದೂ ಸಿಕ್ಕಿರಲಿಲ್ಲ. ಪರದೆ ಎಳೆದರು.

ನಟ ಸಿಟ್ಟಿನಿಂದ ಬಣ್ಣದ ಮನೆಗೆ ಹೋದ. ಅವಳು ಒಂದು ಟ್ರಂಕಿನ ಮೇಲೆ ಕುಳಿತಿದ್ದಳು.

"ಏಳು ವರ್ಷ ಹೇಳಿದ ಮಾತು ಇವತ್ತ್ಯಾಕ ಮರೀತು ನಿನಗ?" ಎಂದು ಕೇಳಿದ.

"ಮರೀಲಿಲ್ಲ, ಅಣ್ಣಾ. ಮಗನ್ನ ಮಣ್ಣು ಮಾಡಿದ್ದು ಹೇಳಬೇಕಾಗಿತ್ತು. ಬಾಯಿ ಬರಲಿಲ್ಲ."

"ಯಾರ ಮಗನ್ನ?"

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಕೇಳಿದ್ದು ತಮಾಷೆಗಲ್ಲ ಎಂಬುದು ಅವಳಿಗೆ ಗೊತ್ತಾಯಿತು.

"ನಾಟಕದಾಗ ನಮ್ಮಿಬ್ಬರ ಮಗನ್ನ, ಅಣ್ಣಾ. ನೀವು ದಂಡಿಗೆ ಹೋದಾಗ ಸಾಯ್ತಾನಲ್ಲ. ಅದನ್ನ ಹ್ಯಾಂಗ ಹೇಳಲಿ ಅಂತ ಮುಂಜಾನಿಂದ ಅಂಜಿದ್ದೆ. ನೀವು ಎದುರಿಗೆ ಇರ್ತೀರಿ, ನಾ ನಿಂತ್ರ ನೀವು ಹಿಡ್ಕೋತೀರಿ ಅನ್ನೂ ಧೈರ್ಯದ ಮ್ಯಾಲ ಬಂದೆ."

ನಟ ಅಲ್ಲೇ ನೆಲದ ಮೇಲೆ ಕುಳಿತ. ಹೆಂಡತಿ ಹೇಳುವುದು ಅತ್ತೆಯ ಕಾಟವೋ, ವೈರಿಗಳ ಕಾಟವೋ ಇರಬೇಕು ಎಂದು ಅವನು ಏಳು ವರ್ಷ ಅಂದುಕೊಂಡಿದ್ದ. ಗೊತ್ತಿದ್ದರೆ, ಇವತ್ತು ಈ ನಾಟಕ ಬೇಡ ಎಂದು ಮಾಲೀಕರಿಗೆ ಒಂದು ಮಾತು ಹೇಳುತ್ತಿದ್ದ. ಅದೂ ಆಗದಿದ್ದರೆ ಅವಳ ಕಡೆ ತಿರುಗಿ, ಆ ಸುದ್ದಿಯನ್ನು ಅವಳ ಬಾಯಿಂದ ಹೊರಡಿಸದೆ ತಾನೇ ಹೇಳಿ ಮುಗಿಸುತ್ತಿದ್ದ. ಅವಳಿಗೆ ಕೆಡುಕು ಬಯಸಿದವನಲ್ಲ ಅವನು. ಒಡಹುಟ್ಟಿದ ತಂಗಿಯ ಹಾಗೆ ಕಂಡವನು. ಆದರೂ ಆ ಜನರ ನಡುವೆ ಅವಳನ್ನು ಒಂಟಿಯಾಗಿ ನಿಲ್ಲಿಸಿದವನು ಅವನೇ.

ಮಾಸ್ತರರು ಕತೆ ನಿಲ್ಲಿಸಿದರು. ಮಂಟಪದ ಆ ತುದಿಯಲ್ಲಿ ಇಂದುಮತಿ ಗೋಡೆಯ ಕಡೆ ಮುಖ ಮಾಡಿ ತನ್ನ ಮಾತನ್ನು ಒಬ್ಬಳೇ ಹೇಳಿಕೊಳ್ಳುತ್ತಿದ್ದಳು. ಇಲ್ಲಿಗೆ ಕೇಳಿಸುತ್ತಿರಲಿಲ್ಲ, ತುಟಿಗಳು ಅಲುಗುವುದಷ್ಟೇ ಕಾಣುತ್ತಿತ್ತು.

ಮಾನಪ್ಪ ಕಂಪನಿಯವನು, ಕಂಪನಿಯ ದುಃಖ ಅವನಿಗೆ ಬೇಗ ತಟ್ಟುತ್ತದೆ. ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆ ತಾಯಿಯ ಮೇಲೆ ಮರುಕವಾಯಿತು, ಆ ನಟನ ಮೇಲೆ ಸಿಟ್ಟೂ ಬಂತು.

"ಎಂಥಾ ಮನಿಶ್ಯಾ ಅಂತೀನಿ" ಎಂದ. "ಏಳು ವರ್ಷದಾಗ ಒಂದು ದಿನ ಆಕಿ ಏನು ಹೇಳ್ತಾಳ ಅಂತ ಕಿವಿಗೊಟ್ಟಿದ್ರ ಆಗ್ತಿತ್ತಲ್ರೀ, ಮಾಸ್ತರ."

ಆಗುತ್ತಿತ್ತು ಎಂದು ಮಾಸ್ತರರು ತಲೆಯಾಡಿಸಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಇಂದುಮತಿ ಯಾವ ಮಾತಿಗೆ ನಿಲ್ತಾಳ, ಮಾನಪ್ಪ?"