ಸುಮ್ಮನೆ ಬಂದ ಚೆಂಡು

ಹಾಲಸ್ವಾಮಿ ಮೇಷ್ಟ್ರು ಹೊಳೆದಂಡೆಯ ಹಳೇ ಗೋದಾಮಿನಲ್ಲಿ ಟೇಬಲ್ ಟೆನ್ನಿಸ್ ಕಲಿಸುತ್ತಿದ್ದರು. ಅವರ ಶಿಷ್ಯರಲ್ಲಿ ಉದ್ಧವ, ಸಿರಾಜ್ ಇಬ್ಬರೂ ಸರಿಸಮ. ಚಿಕ್ಕಂದಿನಿಂದಲೂ ಒಂದೇ ಮೇಜಿನ ಆಚೆ ಈಚೆ ನಿಂತು ಬೆಳೆದವರು.

ಜಿಲ್ಲಾ ಪಂದ್ಯ ಹತ್ತಿರ ಬಂದಿತ್ತು. ಒಂದು ಸಂಜೆ ಮೇಷ್ಟ್ರೂ ಸಿರಾಜನೂ ಹೊಳೆಯ ಮೆಟ್ಟಿಲ ಮೇಲೆ ಕೂತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದುದು ಉದ್ಧವನ ಕಣ್ಣಿಗೆ ಬಿತ್ತು. ಅವನು ಹತ್ತಿರ ಹೋದದ್ದೇ ತಡ, ಮಾತು ನಿಂತಿತು.

"ಏನು ವಿಷಯ ಮೇಷ್ಟ್ರೇ?"

"ಏನಿಲ್ಲಪ್ಪ. ಹೀಗೇ."

ಹೀಗೇ ಅಂದರೆ ಹೇಗೆ? ಉದ್ಧವನಿಗೆ ಅವತ್ತು ಊಟ ಸೇರಲಿಲ್ಲ. ಮೇಷ್ಟ್ರು ಸಿರಾಜನಿಗೆ ಯಾವುದೋ ಗುಟ್ಟಿನ ಸರ್ವಿಸ್ ಹೇಳಿಕೊಡುತ್ತಿದ್ದಾರೆ. ಇಲ್ಲದಿದ್ದರೆ ಮಾತು ಯಾಕೆ ನಿಲ್ಲಬೇಕು?

ಮರುದಿನದಿಂದ ಅವನು ಹೊಳೆದಂಡೆಯ ಕಡೆ ತಲೆ ಹಾಕಲಿಲ್ಲ. ಮನೆಯ ಮಹಡಿಯಲ್ಲಿ ಮೇಜು ಹಾಕಿಸಿ, ಚೆಂಡು ಎಸೆಯುವ ಒಂದು ರೋಬೋಟ್ ತಂದಿಟ್ಟುಕೊಂಡ. ಯಂತ್ರ ಯಾರ ಕಿವಿಯಲ್ಲೂ ಪಿಸುಗುಡುವುದಿಲ್ಲವಲ್ಲ.

ಆದರೆ ಯಂತ್ರ ಒಂದೇ ಜಾಗಕ್ಕೆ ಒಂದೇ ಥರದ ಚೆಂಡನ್ನು ಎಸೆಯುತ್ತಿತ್ತು. ಮನುಷ್ಯರು ಹಾಗೆ ಆಡುವುದಿಲ್ಲ. ಉದ್ಧವ ಅದನ್ನು ಬಿಚ್ಚಿದ. ಚೆಂಡನ್ನು ತಳ್ಳುವ ಎರಡು ಚಕ್ರಗಳಿಗೆ ಬೇರೆ ಬೇರೆ ವೇಗ ಕೊಟ್ಟ. ಮೇಲಿನದು ಜೋರಾದರೆ ಒಂದು ಥರದ ಸ್ಪಿನ್, ಕೆಳಗಿನದು ಜೋರಾದರೆ ಇನ್ನೊಂದು ಥರ. ಹಳೇ ಟೇಬಲ್ ಫ್ಯಾನಿನ ಕತ್ತು ಬಿಚ್ಚಿ ಯಂತ್ರಕ್ಕೆ ಜೋಡಿಸಿದ. ಅದು ಅತ್ತ ಇತ್ತ ಮುಖ ತಿರುಗಿಸತೊಡಗಿತು. ದೂರದ ಚೆಂಡಿಗೆ ಕೈ ಚಾಚಿದಾಗ ಭುಜ ಚುಳ್ ಅನ್ನುತ್ತಿತ್ತು. ಎದುರಾಳಿಯ ಕೈಯೂ ಕಾಣಬೇಕಲ್ಲ ಅಂತ, ಕಾರಿನ ವೈಪರ್ ಮೋಟಾರಿಗೆ ಒಂದು ಬ್ಯಾಟು ಕಟ್ಟಿ ಯಂತ್ರದ ಬಾಯಿಯ ಮುಂದೆ ಬೀಸುವ ಹಾಗೆ ಮಾಡಿದ.

ಕೊನೆಗೆ ಅದಕ್ಕೆ ಸುಳ್ಳು ಹೇಳುವುದನ್ನೂ ಕಲಿಸಿದ. ಬ್ಯಾಟು ಒಂದು ಸ್ಪಿನ್ ತೋರಿಸುತ್ತಿತ್ತು, ಚೆಂಡು ಇನ್ನೊಂದನ್ನು ಹೊತ್ತು ಬರುತ್ತಿತ್ತು.

ಒಂದು ದಿನ ಸಿರಾಜ್ ಬಂದು ಕೆಳಗಿನಿಂದ ಕೂಗಿದ. ಉದ್ಧವ ಯಂತ್ರ ನಿಲ್ಲಿಸಿ ಉಸಿರು ಬಿಗಿಹಿಡಿದು ಕೂತ. ಸಿರಾಜ್ ಸ್ವಲ್ಪ ಹೊತ್ತು ಕಾದು ಹೊರಟುಹೋದ.

ಏನು ತಿಳಿದುಕೊಂಡು ಹೋಗಲು ಬಂದಿದ್ದನೋ.

ಪಂದ್ಯದ ಹೊತ್ತಿಗೆ ಯಂತ್ರದ ಒಂದು ಮೋಸವೂ ಉದ್ಧವನ ಮುಂದೆ ನಡೆಯುತ್ತಿರಲಿಲ್ಲ.

ಫೈನಲ್‌ನಲ್ಲಿ ಸಿರಾಜ್ ಎದುರಾದ. "ಎಲ್ಲಿಗೆ ಹೋಗಿದ್ಯೋ ಇಷ್ಟು ದಿನ?" ಅಂದ. ಉದ್ಧವ ಮುಖ ತಿರುಗಿಸಿದ. ಆಟಕ್ಕೆ ಮುಂಚೆ ಹೀಗೆ ವಿಚಾರಿಸುವುದೂ ಒಂದು ತಂತ್ರವೇ.

ಸಿರಾಜ್ ಸರ್ವಿಸ್ ಮಾಡಿದ. ಕೈ ಸುಮ್ಮನೆ ಮುಂದೆ ಬಂತು, ಚೆಂಡು ಸುಮ್ಮನೆ ಮೇಜಿನ ನಡುವಿಗೆ ಬಿತ್ತು. ಸ್ಪಿನ್ನನ್ನು ಎಷ್ಟು ಚೆನ್ನಾಗಿ ಬಚ್ಚಿಟ್ಟಿದ್ದಾನೆ ಅಂದುಕೊಂಡು ಉದ್ಧವ ಅದಕ್ಕೆ ತಕ್ಕಂತೆ ಬ್ಯಾಟನ್ನು ಓರೆ ಮಾಡಿ ಅಡಿಯಿಂದ ತಳ್ಳಿದ. ಚೆಂಡು ಎತ್ತರಕ್ಕೆ ತೇಲಿತು. ಸಿರಾಜ್ ಹೊಡೆದ.

ಪಂದ್ಯ ಮುಗಿಯುವವರೆಗೂ ಅದೇ ಕಥೆ.

ಸೋತ ಉದ್ಧವ ಸೀದಾ ಹೊಳೆದಂಡೆಗೆ ಬಂದ.

"ಅವನಿಗೆ ಕಲಿಸಿದ ಸರ್ವಿಸ್ ನನಗ್ಯಾಕೆ ಕಲಿಸಲಿಲ್ಲ ಮೇಷ್ಟ್ರೇ?"

ಮೇಷ್ಟ್ರು ಅವನ ಮುಖವನ್ನೇ ನೋಡಿದರು. "ಮನೇಲಿ ಏನೋ ಯಂತ್ರ ಮಾಡಿದ್ದೀಯಂತೆ. ತೋರಿಸ್ತೀಯಾ?"

ಬೇಡ ಅನ್ನಲು ಬಾಯಿ ಬರಲಿಲ್ಲ. ಮಹಡಿಗೆ ಕರೆದುಕೊಂಡು ಹೋದ. ಮೇಷ್ಟ್ರು ಯಂತ್ರವನ್ನು ಹಿಂದೆ ಮುಂದೆ ಬಗ್ಗಿ ನೋಡಿದರು. ನೋಡಿಕೊಂಡು ಹೋಗಿ ಸಿರಾಜನಿಗೆ ಹೇಳಿಬಿಟ್ಟರೆ ಎಂದು ಉದ್ಧವ ಅವರ ಕಣ್ಣನ್ನೇ ಕಾಯುತ್ತಿದ್ದ.

"ಚೆನ್ನಾಗಿ ಮಾಡಿದ್ದೀಯ," ಅಂದರು. "ಎರಡೂ ಚಕ್ರ ಸಮನಾಗಿ ತಿರುಗಿದರೆ ಏನಾಗುತ್ತೆ?"

"ಸ್ಪಿನ್ ಇಲ್ಲದ ಬರೀ ಚೆಂಡು ಬರುತ್ತೆ. ಅದನ್ನ ತೆಗೆದುಹಾಕಿದೀನಿ."

"ಯಾಕೆ?"

"ಅಂಥ ಚೆಂಡು ನನಗೆ ಯಾರು ಹಾಕ್ತಾರೆ ಮೇಷ್ಟ್ರೇ?"

ಮೇಷ್ಟ್ರು ಯಂತ್ರದ ಪ್ಲಗ್ ಕಿತ್ತರು. ಒಂದು ಚೆಂಡು ತೆಗೆದುಕೊಂಡು ಪೆನ್ನಿನಿಂದ ಅದರ ಸುತ್ತ ದಪ್ಪಗೆ ಗೆರೆ ಎಳೆದರು. ಆಚೆ ಬದಿ ನಿಂತು ಸರ್ವಿಸ್ ಮಾಡಿದರು. ಥೇಟ್ ಸಿರಾಜನ ಹಾಗೆ. ಉದ್ಧವ ಬ್ಯಾಟು ಓರೆ ಮಾಡಿ ತಳ್ಳಿದ. ಚೆಂಡು ಎತ್ತರಕ್ಕೆ ತೇಲಿತು.

"ಗೆರೆ ನೋಡಿದೆಯಾ?"

"ಇಲ್ಲ. ನಿಮ್ಮ ಮಣಿಕಟ್ಟು ನೋಡ್ತಿದ್ದೆ."

"ಈ ಸಲ ಹೊಡೀಬೇಡ. ಚೆಂಡು ನೋಡು, ಅಷ್ಟೆ."

ಚೆಂಡು ಬಂತು. ಸ್ಪಿನ್ ಇದ್ದಿದ್ದರೆ ಗೆರೆ ಮಸುಕಾಗಿ ಮಾಯವಾಗಬೇಕಿತ್ತು. ಕೊನೆಯವರೆಗೂ ಅದು ಕಪ್ಪಗೆ ಕಾಣುತ್ತಲೇ ಇತ್ತು.

ಉದ್ಧವ ಚೆಂಡನ್ನು ಎತ್ತಿಕೊಂಡು ಬೆರಳಲ್ಲಿ ತಿರುಗಿಸಿ ನೋಡಿದ.

"ಇದರಲ್ಲಿ ಏನೂ ಇಲ್ಲ," ಅಂದ.

"ಏನೂ ಇಲ್ಲ."

"ಮತ್ತೆ ಅವತ್ತು ಮೆಟ್ಟಿಲ ಮೇಲೆ ಅವನಿಗೆ ಏನು ಹೇಳ್ತಿದ್ರಿ?"

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದರು.

"ಕೇಳಿದ್ದು ಅವನು. 'ಉದ್ಧವನಿಗೆ ಭುಜ ನೋಯ್ತಿದೆ ಮೇಷ್ಟ್ರೇ, ಕೈ ಚಾಚೋಕೆ ಆಗಲ್ಲ. ನನ್ನನ್ನ ನಂಬಿ ಹೇಳಿದಾನೆ. ದೂರ ದೂರ ಹಾಕಿದರೆ ನಾನೇ ಗೆಲ್ತೀನಿ. ಹಾಗೆ ಆಡಲಾ, ಬೇಡವಾ?' ಅಂದ."

ಭುಜದ ನೋವನ್ನು ಉದ್ಧವ ಹೇಳಿಕೊಂಡಿದ್ದದ್ದು ಸಿರಾಜ್ ಒಬ್ಬನ ಹತ್ತಿರ. ಮನೆಯವರಿಗೂ ಗೊತ್ತಿರಲಿಲ್ಲ. ಪಂದ್ಯದ ಚೆಂಡುಗಳು ಒಂದೊಂದೇ ನೆನಪಿಗೆ ಬಂದವು. ಎಲ್ಲವೂ ಮೇಜಿನ ನಡುವಿಗೇ ಬಿದ್ದಿದ್ದವು. ಒಂದಕ್ಕೂ ಅವನು ಕೈ ಚಾಚಬೇಕಾಗಿ ಬಂದಿರಲಿಲ್ಲ.

"ನೀವೇನಂದಿರಿ?"

"ನೇರವಾಗಿ ಆಡು ಅಂದೆ."

ಉದ್ಧವ ಮೇಜಿನ ಅಂಚಿಗೆ ಒರಗಿದ.

"ಮನೆ ತನಕ ಬಂದಿದ್ದ. ನಾನು ಇದ್ದೂ ಇಲ್ಲದವನ ಹಾಗೆ ಕೂತಿದ್ದೆ."

ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಉದ್ಧವ ಫೋನ್ ತೆಗೆದು ಸಿರಾಜನ ಹೆಸರು ಹುಡುಕಿದ. ಬೆರಳು ಅಲ್ಲೇ ನಿಂತಿತು.

"ಮೇಷ್ಟ್ರೇ, ಈಗ ಕರೆದರೆ ಬರ್ತಾನಾ? ಗೆದ್ದವನು, ಒಳಗೊಳಗೇ ನಗ್ತಾನೋ ಏನೋ."

ಮೇಷ್ಟ್ರು ಬಾಗಿಲಲ್ಲಿ ತಿರುಗಿದರು.

"ಚೆಂಡು ಇನ್ನೂ ಬಂದೇ ಇಲ್ಲ. ಆಗಲೇ ಬ್ಯಾಟು ಓರೆ ಮಾಡಿದೆಯಲ್ಲಪ್ಪ."