ಕೊಳದ ಗಿಡದ ಎಂಜಲು

"ಅಮ್ಮಾ, ಯಾರ ಎಂಜಲನ್ನೂ ಮುಟ್ಟದೆ, ಯಾರ ಹಂಗಿಗೂ ಬೀಳದೆ ಬದುಕಬೇಕು ಅಂತ ನನ್ನ ಆಸೆ. ಆಗುತ್ತದೆಯೇ?" ಎಂದು ಶಿಷ್ಯ ಕೇಳಿದ.

ಗುರುವಮ್ಮ ನಕ್ಕಳು. "ಬಾ ಮಗಾ, ಕಂಬಕ್ಕೆ ಬೆನ್ನು ಕೊಟ್ಟು ಕೂತುಕೋ. ಕಣ್ಣಿಗೆ ಜೊಂಪು ಹತ್ತಿದರೂ ಅಡ್ಡಿಯಿಲ್ಲ, ಕಿವಿ ಮಾತ್ರ ಇತ್ತ ಇರಲಿ" ಎಂದು ಕತೆ ಶುರು ಮಾಡಿದಳು.

ಒಬ್ಬ ವ್ಯಾಪಾರಿ ಇದ್ದ. ಬಹಳ ಮಡಿವಂತ. ಬೇರೆ ಮನೆಯಲ್ಲಿ ನೀರನ್ನೂ ಮುಟ್ಟುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದದ್ದು, ಹಿತ್ತಲ ಕಲ್ಲುಕೊಳದಲ್ಲಿ ಅವಳು ಸಾಕಿದ್ದ ಮೀನುಗಳು. ಅವಳೊಡನೆ ಆಡುತ್ತಿದ್ದ ಮಾತನ್ನೆಲ್ಲ ಈಗ ಮೀನುಗಳೊಡನೆ ಆಡುತ್ತಿದ್ದ.

ಒಂದು ಮಧ್ಯಾಹ್ನ ಬಿಸಿಲು ಕೊಳದ ತಳ ಮುಟ್ಟಿತ್ತು. ನೀರೊಳಗಿನ ಗಿಡದ ಎಲೆಎಲೆಯಿಂದ ಗುಳ್ಳೆಗಳು ಮೆಲ್ಲಗೆ ಮೇಲೇಳುತ್ತಿದ್ದವು. ನೋಡುತ್ತ ನೋಡುತ್ತ ಅವನಿಗೆ ಮಂಪರು ಕವಿಯಿತು. ತಟ್ಟನೆ ಎಚ್ಚೆತ್ತು, "ಥೂ! ಈ ಗಿಡ ನನ್ನ ನೀರಲ್ಲಿ ಉಗುಳುತ್ತಿದೆ! ಇದರ ಎಂಜಲು ನೀರಲ್ಲೇ ದಿನಾ ಪೂಜೆ ಮಾಡಿದೆನಲ್ಲ!" ಎಂದ. ಆಳು ಕೆಂಚವ್ವನನ್ನು ಕೂಗಿ ಒಂದೆಳೆಯೂ ಬಿಡದೆ ಕೀಳಲು ಹೇಳಿದ.

"ಮೀನಿಗೂ ತಲೆಗೆ ನೀರು ಹುಯ್ದು ಮಡಿ ಉಡಿಸಲೇನು, ಯಜಮಾನ್ರೇ?" ಎಂದಳು ಅವಳು.

"ಬಾಯಿ ಮುಚ್ಚಿಕೊಂಡು ಕೀಳು."

ಮರುದಿನ ಬೆಳಗ್ಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಒಂದು ಮೀನು ಸತ್ತು ಮಗ್ಗುಲಾಗಿ ತೇಲುತ್ತಿತ್ತು. ಕೊಳದಿಂದ ಹೋದದ್ದು ಆ ಗಿಡವೊಂದೇ. ಕೆಂಚವ್ವ ಅದನ್ನು ಬಾಳೆಯ ಬುಡಕ್ಕೆ ಹಾಕಿದ್ದಳು, ಇನ್ನೂ ಹಸಿಯಾಗಿತ್ತು. ಮಡಿಪಂಚೆಯಲ್ಲೇ ಅದನ್ನು ಎದೆಗವಚಿಕೊಂಡು ತಂದು ನೀರಿಗಿಳಿದ.

ಬಿಸಿಲೇರಿತು. ಒಂದು ಗುಳ್ಳೆ ಎದ್ದಿತು. ಇನ್ನೊಂದು ಎದ್ದಿತು. ಹೊತ್ತು ಹೋದಂತೆ ಮೀನುಗಳು ಒಂದೊಂದಾಗಿ ತಳಕ್ಕಿಳಿದವು. ವ್ಯಾಪಾರಿ ಸೊಂಟದುದ್ದ ನೀರಲ್ಲಿ, ಕನಸು ಕಾಣುವವನ ಹಾಗೆ ನಿಂತೇ ಇದ್ದ.

"ಎಲೆ ಅಡುಗೆ ಮಾಡುವ ಬಗೆಯೇ ಹಾಗೆ, ಮಗಾ" ಎಂದಳು ಗುರುವಮ್ಮ. "ಬಿಸಿಲು ಹಿಡಿದು ನೀರನ್ನು ಒಡೆಯುತ್ತದೆ. ತನಗೆ ಬೇಕಾದ ಪಾಲನ್ನು ಅಡುಗೆಗೆ ಇಟ್ಟುಕೊಂಡು, ಬೇಡದ್ದನ್ನು ಹೊರಗೆ ಬಿಡುತ್ತದೆ. ಆ ಬೇಡದ್ದೇ ಮೀನಿಗೆ ಉಸಿರು. ನಮಗೂ ಅದೇ."

"ಆಮೇಲೆ ಅವರೆಲ್ಲ ಏನಾದರು?"

"ಮೀನುಗಳು ಮರಿ ಮೊಮ್ಮರಿಯಾಗಿ ಕೊಳ ತುಂಬಿದವು. ಕೆಂಚವ್ವ ಹಲ್ಲು ಬಿದ್ದ ಮೇಲೂ ಇದನ್ನು ಹೇಳಿಕೊಂಡು ನಗುತ್ತಿದ್ದಳು. ವ್ಯಾಪಾರಿ ಅವಳ ಜಗುಲಿಯಲ್ಲಿ ಕೂತು ಮಜ್ಜಿಗೆ ಕೇಳಿ ಕುಡಿಯುವಂತಾದ. ಸತ್ತ ಆ ಒಂದು ಮೀನನ್ನು ಮಾತ್ರ ಕೊನೆತನಕ ಮರೆಯಲಿಲ್ಲ. ಇನ್ನು ನೀನು, ಈಗ ಬಿಟ್ಟೆಯಲ್ಲ ಉಸಿರು, ಎಂಜಲು ಬೇಡವಾದರೆ ಇನ್ನೊಂದನ್ನು ಎಳೆದುಕೊಳ್ಳಬೇಡ."