ಬೆಟ್ಟಕ್ಕೆ ತೊಡೆ ತಟ್ಟಿದ ಪೈಲವಾನ

“ಗುರುಗಳೇ, ನಾನು ಬೆಟ್ಟಕ್ಕೆ ಸಿದ್ಧನಾಗಿದ್ದೇನೆ. ಮನೆಯವರನ್ನು ಸಿದ್ಧಗೊಳಿಸುವುದು ಹೇಗೆ?”

ಚನ್ನವೀರ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಅವನು ಪೇಟೆಯಿಂದ ನೇರವಾಗಿ ಅಲ್ಲಿಗೆ ಬಂದಿದ್ದ. ಹೆಗಲಿಗೆ ದೊಡ್ಡ ಚೀಲವೊಂದು ನೇತಾಡುತ್ತಿತ್ತು. ಬೇಸಿಗೆ ರಜೆಯಲ್ಲಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಉತ್ತರದ ಹಿಮದ ಬೆಟ್ಟ ಹತ್ತುವುದೆಂದು ಅವನು ಸಾರಿ ಬಹಳ ದಿನವಾಗಿತ್ತು. ಅಂದಿನಿಂದ ದಿನವೂ ನಸುಕಿನಲ್ಲಿ ಎದ್ದು ಓಡುತ್ತಿದ್ದ. ಕೋಟೆಯ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಏರುತ್ತಿದ್ದ. ಮನೆಯವರು ಮಾತ್ರ ಹಿಂದೆ ಬೀಳುತ್ತಿದ್ದರು.

“ಹೆಂಡತಿ, ಮಗಳು ಹೇಗೋ ಬಂದಾರು,” ಎಂದ. “ಅವ್ವನದೇ ಚಿಂತೆ. ನಾಲ್ಕು ಹೆಜ್ಜೆ ಇಡುತ್ತಾಳೆ, ನಿಲ್ಲುತ್ತಾಳೆ. ಬರಬೇಡ ಎಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾಳೆ. ಬಾ ಎಂದರೆ ನಾವೆಲ್ಲ ಅವಳಿಗಾಗಿ ನಿಲ್ಲಬೇಕು.”

ಗುರುಗಳು ಶೇಂಗಾದ ಪುಟ್ಟಿಯನ್ನು ಪಕ್ಕಕ್ಕೆ ಸರಿಸಿ ಚೀಲವನ್ನು ಎಳೆದುಕೊಂಡರು. ಒಳಗೆ ಹೊಸ ಬೂಟುಗಳಿದ್ದವು. ಒಂದು ದೊಡ್ಡ ಜೊತೆ, ಒಂದು ನಡುತರದ್ದು, ಒಂದು ಕೆಂಪು ಬಣ್ಣದ ಚಿಕ್ಕದು. ದೊಡ್ಡ ಬೂಟಿನೊಳಗೆ ಮೊಣಕೈವರೆಗೂ ಕೈ ಇಳಿಸಿ, “ಅಬ್ಬಬ್ಬಾ! ಇದರೊಳಗೆ ಬೆಕ್ಕು ಮರಿ ಹಾಕಿ ಬಾಣಂತನವನ್ನೂ ಮುಗಿಸಿಕೊಳ್ಳಬಹುದಲ್ಲೋ,” ಎಂದರು. ಎಲ್ಲವನ್ನೂ ಚೀಲಕ್ಕೆ ತುಂಬಿ ಕಂಬಕ್ಕೆ ಒರಗಿಸಿಟ್ಟರು.

“ಬೆಟ್ಟದ ವಿಷಯ ನನ್ನನ್ನು ಕೇಳಿದ್ದು ಒಳ್ಳೆಯದಾಯಿತು. ಈ ಸೀಮೆಯಲ್ಲಿ ನನ್ನಷ್ಟು ಬೆಟ್ಟ ಹತ್ತಿದವರಿಲ್ಲ. ನಾನು ಹತ್ತಿ ಹತ್ತಿಯೇ ಕೆಲವು ಬೆಟ್ಟ ಸವೆದು ದಿಬ್ಬವಾಗಿವೆ.”

ಮಠದ ಅಟ್ಟ ಹತ್ತುವಾಗಲೇ ಗುರುಗಳು ಎರಡು ಸಲ ಕೂರುವುದನ್ನು ಚನ್ನವೀರ ಕಂಡಿದ್ದ. ಆದರೆ ಗುರುಗಳು ಬಡಾಯಿ ಕೊಚ್ಚಲು ಶುರುಮಾಡಿದರೆಂದರೆ ಹಿಂದೆಯೇ ನಿಜವೊಂದು ಬರುತ್ತಿದೆ ಎಂಬುದು ಶಿಷ್ಯರಿಗೆಲ್ಲ ಗೊತ್ತಿತ್ತು. ಅವನು ಕೈಕಟ್ಟಿ ಕುಳಿತ. ಗುರುಗಳು ಹೇಳತೊಡಗಿದರು.

ಒಬ್ಬ ಪೈಲವಾನನಿದ್ದ. ಎಂಥ ಪೈಲವಾನ ಎನ್ನುತ್ತೀ? ಅವನು ಗರಡಿಯಲ್ಲಿ ಸೀನಿದರೆ ಅಕ್ಕಪಕ್ಕದವರು ಹೆಂಚು ಸರಿಮಾಡಲು ಏಣಿ ಹುಡುಕುತ್ತಿದ್ದರು. ಅಖಾಡಕ್ಕೆ ಇಳಿದು ಒಮ್ಮೆ ತೊಡೆ ತಟ್ಟಿದನೆಂದರೆ ಎದುರಾಳಿಗೆ ತನ್ನ ಊರಿನಲ್ಲಿ ಏನೋ ತುರ್ತು ಕೆಲಸವಿರುವುದು ನೆನಪಾಗುತ್ತಿತ್ತು. ಆ ದೇಶದ ಅರಸ ಮೆಚ್ಚಿ, ತನ್ನ ಕೈಯಾರೆ ಅವನ ತಲೆಗೆ ಕೆಂಪು ರುಮಾಲು ಸುತ್ತಿದ್ದ. ಅದನ್ನು ಬಿಚ್ಚಿ ಹಾಸಿದರೆ ಒಂದು ಬೀದಿ ಮುಗಿದು ಇನ್ನೊಂದು ಬೀದಿಗೆ ತಿರುಗಿಸಬೇಕು, ಅಷ್ಟು ಉದ್ದ. ಪೈಲವಾನ ಮಲಗುವಾಗಲೂ ಅದನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದ.

ಅವನ ಮನೆಯಲ್ಲಿ ತಾಯಿ, ಹೆಂಡತಿ, ಒಬ್ಬಳು ಪುಟ್ಟ ಮಗಳು. ತಂದೆ ಕಂಬಳಿ ಮಾರುತ್ತಿದ್ದವನು. ಕಂಬಳಿ ಹೊತ್ತು ದೇಶ ತಿರುಗುತ್ತ ಒಮ್ಮೆ ಹಿಮದ ಬೆಟ್ಟದ ಮೇಲಿನ ಕೆರೆಯೊಂದನ್ನು ಕಂಡುಬಂದಿದ್ದ. “ಅದರ ಮುಂದೆ ಸಮುದ್ರವೆಂದರೆ ಒಂದು ಕೊಡ ನೀರು. ಚಂದ್ರ ಅಲ್ಲಿಗೆ ಸ್ನಾನಕ್ಕೆ ಇಳಿಯುತ್ತಾನೆ, ನಿನ್ನಾಣೆ,” ಎಂದು ಹೆಂಡತಿಗೆ ಹೇಳುತ್ತಿದ್ದ. “ಮುಂದಿನ ವರ್ಷ ನಿನ್ನನ್ನೂ ಕರೆದುಕೊಂಡು ಹೋಗುತ್ತೇನೆ,” ಎಂದೂ ಹೇಳುತ್ತಿದ್ದ. ವರ್ಷವರ್ಷವೂ ಹೇಳಿದ. ಒಂದು ವರ್ಷ, ಹೇಳಲು ಅವನೇ ಇರಲಿಲ್ಲ.

“ಅವ್ವಾ, ಅಪ್ಪನ ಮಾತನ್ನು ನಾನು ಉಳಿಸುತ್ತೇನೆ,” ಎಂದ ಪೈಲವಾನ. ತಾಯಿ ಅಂದು ಅಡುಗೆಗೆ ಎರಡು ಸಲ ಉಪ್ಪು ಹಾಕಿದಳು.

ಸಿದ್ಧತೆ ಶುರುವಾಯಿತು. ಊರ ಹಿಂದೊಂದು ಗುಡ್ಡವಿತ್ತು. ಕೋಳಿಗಿಂತ ಮೊದಲೇ ಪೈಲವಾನ ಕೂಗಿ ಎಲ್ಲರನ್ನೂ ಎಬ್ಬಿಸುತ್ತಿದ್ದ. ಹೆಂಡತಿಯ ಬೆನ್ನಿಗೊಂದು ಕಲ್ಲಿನ ಗಂಟು, ಮಗಳ ಬೆನ್ನಿಗೊಂದು ಬೆಣಚುಕಲ್ಲಿನ ಗಂಟು, ತಾಯಿಯ ಸೊಂಟಕ್ಕೊಂದು ನೀರಿನ ತಂಬಿಗೆ. ತಾನು ಬೀಸುಗಲ್ಲನ್ನೇ ಹೊತ್ತು ಗುಡ್ಡದ ತುದಿಗೆ ಓಡುತ್ತಿದ್ದ. ಅಲ್ಲಿ ನಿಂತು ತೊಡೆ ತಟ್ಟುತ್ತಿದ್ದ. ಆ ಸದ್ದು ಕೇಳಿದರೆ ಕೆಳಗಿನವರಿಗೆ ಹುರುಪು ಬರುತ್ತದೆಂಬುದು ಅವನ ಎಣಿಕೆ. ಹುರುಪು ಬಂದದ್ದು ಊರ ನಾಯಿಗಳಿಗೆ. ಅವು ಬೊಗಳುತ್ತ ಓಡಿ ಬಂದು ಎಲ್ಲರಿಗಿಂತ ಮೊದಲು ತುದಿ ಮುಟ್ಟುತ್ತಿದ್ದವು.

ಹೆಂಡತಿ ಬೆವರು ಒರೆಸಿಕೊಳ್ಳುತ್ತ ಬಂದು, “ಏನ್ರೀ, ನೀವು ಕುಸ್ತಿಗೆ ಕರೆಯುತ್ತಿರುವುದು ಬೆಟ್ಟವನ್ನೋ ನಮ್ಮ ಅತ್ತೆಯನ್ನೋ?” ಎಂದು ಕೇಳಿದಳು.

ಅತ್ತೆ ಇನ್ನೂ ಕೆಳಗಿದ್ದಳು. ಮೊಮ್ಮಗಳು ಅವಳ ಸೆರಗು ಹಿಡಿದಿದ್ದಳು. ಇಬ್ಬರೂ ಒಂದು ಪೊದೆಯ ಬಳಿ ನಿಂತರು. ಬಸವನಹುಳು ಕಂಡು ನಿಂತರು. ತಿರುಗಿ ಊರಿನ ಕಡೆ ನೋಡಿ ತಮ್ಮ ಮನೆಯ ಮಾಡು ಯಾವುದೆಂದು ಹುಡುಕಲು ನಿಂತರು. ಪೈಲವಾನನ ದಂಡ ಮುಗಿದು, ಬೈಠಕ್ ಮುಗಿದು, ಅವನಿಗೆ ಆಕಳಿಕೆ ಬರುವ ಹೊತ್ತಿಗೆ ಅವ್ವ ತುದಿಗೆ ಬಂದಳು. ಬಂದವಳೇ ಮೊಮ್ಮಗಳಿಗೆ ಅರ್ಧಕ್ಕೆ ನಿಂತಿದ್ದ ಕತೆಯನ್ನು ಮುಂದುವರಿಸಿದಳು.

ಅವಳು ತಡವಾಗಿ ಬಂದದ್ದನ್ನು ಮಗ ಕಂಡ. ಏದುಸಿರಿಲ್ಲದೆ ಬಂದದ್ದನ್ನು ಕಾಣಲಿಲ್ಲ.

ದಿನವೂ ಹೀಗೆಯೇ ಆಯಿತು. ಹೊರಡುವ ವಾರ ಬಂದಾಗ ಪೈಲವಾನ ತಾಯಿಯ ಮುಂದೆ ಕುಳಿತು, “ಅವ್ವಾ, ನೀನು ಬೆಟ್ಟದ ಬುಡದ ಊರಿನವರೆಗೆ ಬಾ. ಮೇಲಕ್ಕೆ ನಾವು ಮೂವರು ಹೋಗುತ್ತೇವೆ. ಕೆರೆಯ ನೀರನ್ನು ತಂಬಿಗೆಯಲ್ಲಿ ತುಂಬಿ ತರುತ್ತೇನೆ. ನೀರು ನೋಡಿದರೆ ಕೆರೆ ನೋಡಿದ ಹಾಗೆಯೇ ಅಲ್ಲವೇ?” ಎಂದ.

“ಆಗಲಪ್ಪಾ,” ಎಂದಳು ತಾಯಿ. ಒಳಗೆ ಹೋಗಿ ಹುರಿಹಿಟ್ಟು ಮಾಡಿ ಬುತ್ತಿ ಕಟ್ಟಿದಳು. ಮೂರೇ ಗಂಟು ಕಟ್ಟಿದಳು. ಮಗನ ಗಂಟಿನಲ್ಲಿ, ಅವನಿಗೆ ಚಿಕ್ಕಂದಿನಿಂದ ಇಷ್ಟವೆಂದು, ಬೆಲ್ಲ ಹೆಚ್ಚಿಗೆ ಇಟ್ಟಳು.

ಬುಡದ ಊರು ಬಂತು. ಬುಡವೆಂದರೆ ಎಂಥದ್ದು? ನಮ್ಮ ಸೀಮೆಯ ಬೆಟ್ಟಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದರೂ ಅದರ ಹೊಸ್ತಿಲಿಗೆ ಬಾರವು. ಅಲ್ಲಿ ಗಾಳಿ ತೆಳ್ಳಗೆ, ಹತ್ತು ಮಂದಿ ನೆಂಟರು ಬಂದ ದಿನದ ಮಜ್ಜಿಗೆಯ ಹಾಗೆ. ಎಷ್ಟು ಎಳೆದುಕೊಂಡರೂ ಎದೆ ತುಂಬದು. ಊರಿನವರು ಪೈಲವಾನನಿಗೆ, “ಅವಸರ ಬೇಡ. ಕೆಲವು ದಿನ ಇಲ್ಲಿರಿ. ಸ್ವಲ್ಪ ಹತ್ತಿ, ಇಳಿದು ಬಂದು ಇಲ್ಲೇ ಮಲಗಿ. ಮೈಗೆ ಈ ಗಾಳಿ ಒಗ್ಗಲಿ,” ಎಂದರು.

“ಮಲಗುವುದಕ್ಕೆ ಇಷ್ಟು ದೂರ ಬರಬೇಕಿತ್ತೇ?” ಎಂದು ಪೈಲವಾನ ನಕ್ಕ. ಬೆಟ್ಟದ ಕಡೆ ಮುಖ ಮಾಡಿ ತೊಡೆ ತಟ್ಟಿದ. ದಾರಿ ನೋಡಿ ಬರುತ್ತೇನೆಂದು ಒಬ್ಬನೇ ಓಡಿದ.

ಬೆಟ್ಟ ಅವನನ್ನು ಎರಡನೆಯ ತಿರುವಿನವರೆಗೆ ಬಿಟ್ಟಿತು. ಅಲ್ಲಿ ಪಟ್ಟು ಹಾಕಿತು. ತಲೆಯೊಳಗೆ ಯಾರೋ ಹಲಗೆ ಬಾರಿಸಿದಂತಾಯಿತು. ಬೆಲ್ಲದ ಹುರಿಹಿಟ್ಟೆಲ್ಲ ವಾಂತಿಯಾಯಿತು. ಕಾಲು ಅವನ ಮಾತು ಕೇಳಲಿಲ್ಲ. ಇನ್ನೊಮ್ಮೆ ತೊಡೆ ತಟ್ಟೋಣವೆಂದು ಕೈ ಎತ್ತಿದ. ಕೈಗೆ ತೊಡೆ ಸಿಗಲಿಲ್ಲ.

ಕುರಿ ಕಾಯುವವರು ನೋಡಿ ಅವನನ್ನು ಹೇಸರಗತ್ತೆಯ ಮೇಲೆ ಹೇರಿ ಕೆಳಗೆ ತಂದರು. ಆ ಹೇಸರಗತ್ತೆ ಅಂದೇ ಸಂನ್ಯಾಸ ತೆಗೆದುಕೊಂಡಿತೆಂದು ಕೇಳಿದ್ದೇನೆ. ತಾಯಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಣೆ ಒತ್ತಿದಳು. ಬೈಯಲಿಲ್ಲ. ತಲೆ ಹಗುರಾಗುವವರೆಗೆ ಅವನನ್ನು ಏಳಗೊಡಲಿಲ್ಲ.

ಪೈಲವಾನ ಎದ್ದು ಕುಳಿತ ದಿನ ರುಮಾಲನ್ನು ಕೈಯಲ್ಲೇ ಹಿಡಿದುಕೊಂಡಿದ್ದ, ತಲೆಗೆ ಸುತ್ತಿಕೊಳ್ಳಲಿಲ್ಲ. “ಅವ್ವಾ, ಊರಿಗೆ ಹೋಗೋಣ,” ಎಂದ.

“ಹೋಗೋಣಂತೆ,” ಎಂದಳು ತಾಯಿ. “ಅದಕ್ಕೆ ಮೊದಲು ಆ ಕರಿ ಬಂಡೆಯವರೆಗೆ ಹೋಗಿ ಬರೋಣ. ಮಗು ನೋಡಬೇಕಂತೆ.”

ಬಂಡೆಯವರೆಗೆ ಹೋಗಿ ಬಂದರು. ಮಾರನೆಯ ದಿನ ಬಂಡೆಯ ಆಚೆ ತೊರೆಯೊಂದಿದೆಯಂತೆ, ನೋಡಿ ಬರೋಣ ಎಂದಳು. ನೋಡಿ ಬಂದು ಮಲಗಿದರು. ಇನ್ನೊಂದು ದಿನ ತೊರೆಯ ಆಚೆ ಏನೋ ಹೂವಂತೆ. ಅವ್ವ ಮುಂದೆ, ಸೆರಗು ಹಿಡಿದು ಮೊಮ್ಮಗಳು, ಹಿಂದೆ ಸೊಸೆ, ಎಲ್ಲರ ಹಿಂದೆ ಪೈಲವಾನ. ಅವ್ವ ನಿಂತರೆ ಎಲ್ಲರೂ ನಿಂತರು. ಅವಳು ಪಾದ ಎತ್ತಿದ ಕಡೆ ಮಗ ಪಾದ ಇಟ್ಟ. ಹಲಗೆಯ ಸದ್ದು ತಲೆಯೊಳಗೆ ಮತ್ತೆ ಕೇಳಲಿಲ್ಲ. ಒಂದು ದಿನ ಅವರು ಕೆಳಗಿಳಿಯಲಿಲ್ಲ. ಮೇಲಕ್ಕೇ ನಡೆದರು.

ಹಿಮ ಶುರುವಾದ ಕಡೆ ಅವ್ವನ ಹಳೆಯ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಬುಡದಲ್ಲಿ ಕೂರುವವಳಿಗೆ ಏಕೆಂದು ಮಗ ಹೊಸದನ್ನು ಕೊಡಿಸಿರಲಿಲ್ಲ. ಪೈಲವಾನ ಅವಳನ್ನು ಕಲ್ಲಿನ ಮೇಲೆ ಕೂರಿಸಿದ. ರುಮಾಲನ್ನು ತೆಗೆದು ನಡುವೆ ಹರಿದ. ಒಂದೊಂದು ತುಂಡನ್ನು ಒಂದೊಂದು ಪಾದಕ್ಕೆ ಸುತ್ತತೊಡಗಿದ.

“ಅಯ್ಯೋ, ಅರಸರು ಕೊಟ್ಟ ರುಮಾಲೋ!”

“ಅರಸರ ಕಾಲಿಗೇನೂ ಚಳಿಯಾಗುತ್ತಿಲ್ಲ. ನೀನು ಸುಮ್ಮನಿರು.”

ಸುತ್ತುತ್ತಿದ್ದವನು ತಲೆ ಎತ್ತದೆಯೇ ಕೇಳಿದ: “ಅವ್ವಾ, ಇಷ್ಟು ನಿಧಾನ ನಡೆಯುವುದನ್ನು ನೀನು ಎಲ್ಲಿ ಕಲಿತೆ?”

“ಎಲ್ಲಿ ಏನು ಬಂತು? ನಿನಗೆ ನಡಿಗೆ ಕಲಿಸುವಾಗ. ನನ್ನ ಬೆರಳು ಹಿಡಿದುಕೊಂಡು ಹೊಸ್ತಿಲಿನಿಂದ ಬಾವಿಗೆ ಹೊರಟರೆ ಬಿಸಿಲೇರುವ ಹೊತ್ತಿಗೆ ತಲುಪುತ್ತಿದ್ದೆ. ನಡುವೆ ಇರುವೆ ಸಾಲು ಕಂಡರೆ ಮುಗಿಯಿತು, ಆ ದಿನ ಮನೆಗೆ ನೀರಿಲ್ಲ.”

ಪೈಲವಾನ ಗಂಟು ಹಾಕುವುದಕ್ಕೆ ಬಹಳ ಹೊತ್ತು ತೆಗೆದುಕೊಂಡ.

ಕೆರೆ ಸಿಕ್ಕಿತು. ಬೆಟ್ಟಗಳ ನಡುವೆ ತಣ್ಣಗೆ, ನೀಲಿಯಾಗಿ, ರಾಶಿ ಮಾಡುವ ಒಂದು ಕಣದಷ್ಟು ಅಗಲಕ್ಕೆ ಇತ್ತು. ತಾಯಿ ದಡದಲ್ಲಿ ನಿಂತು ಈ ತುದಿಯಿಂದ ಆ ತುದಿಗೆ ನೋಡಿದಳು. ಇನ್ನೊಮ್ಮೆ ನೋಡಿದಳು.

“ನಿಮ್ಮಪ್ಪ ಹೇಳಿದಷ್ಟು ದೊಡ್ಡದೇನಿಲ್ಲ ಕಣೋ,” ಎಂದು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಎಷ್ಟು ಸುಳ್ಳು ಹೇಳಿದ್ದಾರೆ ನನಗೆ!” ಎಂದು ಅಲ್ಲೇ ಕುಳಿತಳು. ಬಿಸಿಲು ಹೊರಳುವವರೆಗೂ ಕುಳಿತೇ ಇದ್ದಳು. ಯಾರೂ ಅವಳನ್ನು ಏಳಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಶೇಂಗಾದ ಪುಟ್ಟಿಯನ್ನು ಮತ್ತೆ ಹತ್ತಿರ ಎಳೆದುಕೊಂಡರು.

ಚನ್ನವೀರನಿಗೆ ತನ್ನ ಅವ್ವ ಕೋಟೆಯ ಮೆಟ್ಟಿಲಿನ ಮೇಲೆ ನಿಂತು ಮೊಮ್ಮಗಳಿಗೆ ಏನನ್ನೋ ತೋರಿಸುತ್ತಿದ್ದುದು ನೆನಪಾಯಿತು. ಏನು ತೋರಿಸುತ್ತಿದ್ದಳೆಂದು ತಾನು ಕೇಳಿರಲಿಲ್ಲ. ಆದರೂ ಉತ್ತರ ಸಿಕ್ಕಿತೆಂಬ ಸಮಾಧಾನವಾಯಿತು. ಅವನು ಎದ್ದು ಗುರುಗಳ ಕಾಲಿಗೆ ನಮಸ್ಕರಿಸಿದ.

“ತಿಳಿಯಿತು ಗುರುಗಳೇ. ಸಿದ್ಧವಾಗಬೇಕಾದವನು ನಾನು. ನಾಳೆಯಿಂದ ಅವ್ವ ಮುಂದೆ, ನಾನು ಹಿಂದೆ. ಬೆಟ್ಟದಲ್ಲೂ ಹಾಗೆಯೇ,” ಎಂದು ಕಂಬಕ್ಕೆ ಒರಗಿಸಿದ್ದ ಚೀಲವನ್ನು ಹೆಗಲಿಗೆ ಏರಿಸಿಕೊಂಡ.

ಗುರುಗಳು ಒಂದು ಶೇಂಗಾ ಒಡೆದು ಬಾಯಿಗೆ ಹಾಕಿಕೊಂಡು ಕೇಳಿದರು:

“ಆ ಚೀಲದಲ್ಲಿ ಅವ್ವನ ಕಾಲಿನ ಅಳತೆಯದು ಯಾವುದಪ್ಪಾ?”